ಲಟ್ಟಣಿಗೆಯ ಜೊತೆ ಮಾರಿದ ಕತೆ

ಎರಡು ವರ್ಷದ ಹಿಂದೆ, ಬೆಂಗಳೂರಿನ ಒಂದು ಕರಕುಶಲ ಮೇಳ. ಶನಿವಾರದ ಸಂಜೆ. ನಡುವಯಸ್ಸಿನ ಹೆಂಗಸೊಬ್ಬರು ನಮ್ಮ ಮಳಿಗೆಯ ಮುಂದೆ ನಿಂತು ಒಂದು ಲಟ್ಟಣಿಗೆಯನ್ನು ಎತ್ತಿಕೊಂಡರು. ಅಂಗೈಯಲ್ಲಿ ಹಿಡಿದು ತೂಕ ನೋಡಿದರು, ಮೇಜಿನ ಮೇಲೆ ಉರುಳಿಸಿದರು, ಮೂಗಿನ ಹತ್ತಿರ ತಂದು ಮರದ ವಾಸನೆ ನೋಡಿದರು. ಇಷ್ಟವಾಗಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಪರ್ಸ್ ತೆಗೆಯುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದರು: "ಇದು ಪೂರ್ತಿ ಕೈಯಲ್ಲೇ ಮಾಡಿದ್ದಾ? ಮೆಷಿನ್ ಏನೂ ಇಲ್ಲ ತಾನೆ?"

ಮಳಿಗೆ ನನ್ನದಲ್ಲ. ಚನ್ನಪಟ್ಟಣದ ಒಬ್ಬ ಹಿರಿಯ ಕುಶಲಕರ್ಮಿಯದು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆ ಪರಿಚಯದಿಂದ ನಾನೂ ಅವರನ್ನು ಎಲ್ಲರಂತೆ ಚಾಚಾ ಎಂದೇ ಕರೆಯುತ್ತೇನೆ. ಅವತ್ತು ಚಿಲ್ಲರೆ ಕೊಡಲು, ಕಾಗದ ಸುತ್ತಲು ಜೊತೆಗಿದ್ದೆ.

ಚಾಚಾ ಹೇಳಿದರು: "ಇಲ್ಲಮ್ಮ, ಮೋಟಾರಿದೆ. ಮರಾನ ತಿರುಗಿಸೋದು ಮೋಟಾರು. ಉಳಿ ಹಿಡಿಯೋದು ನಾನು."

"ಓ, ಹಾಗಾದ್ರೆ ಮೆಷಿನ್ದು," ಎಂದು ಆಕೆ ಲಟ್ಟಣಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಕೋಪವಿಲ್ಲ, ಬೇಸರವೂ ಇಲ್ಲ. ತಪ್ಪು ಬಾಗಿಲು ತಟ್ಟಿದವರ ಸಣ್ಣ ಸಂಕೋಚ ಅಷ್ಟೆ. ನಾಲ್ಕು ಮಳಿಗೆ ಆಚೆ, 'ನೂರಕ್ಕೆ ನೂರು ಕೈಯಿಂದ ಮಾಡಿದ್ದು' ಎಂಬ ಬೋರ್ಡಿನ ಕೆಳಗೆ ಅವರು ಇನ್ನೊಂದು ಲಟ್ಟಣಿಗೆ ಕೊಂಡದ್ದನ್ನು ನಾವಿಬ್ಬರೂ ನೋಡಿದೆವು. "ಅದೂ ನಮ್ಮೂರಿಂದೇ," ಎಂದರು ಚಾಚಾ. "ನಮ್ಮ ಬೀದಿ ಲೇತಿಂದೇ ಇರಬೇಕು."

ಈ ಪ್ರಸಂಗವನ್ನು ನಾನು ಎಷ್ಟೋ ಜನರ ಮುಂದೆ ಚಾಚಾ ಅವರ ಪ್ರಾಮಾಣಿಕತೆಯ ಉದಾಹರಣೆಯಾಗಿ ಹೇಳಿದ್ದೇನೆ. ಹೇಳುವಾಗಲೆಲ್ಲ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಆ ಸಂಜೆ ಚಾಚಾ ನಿಜ ಹೇಳಿ ಮುನ್ನೂರು ರೂಪಾಯಿಯ ವ್ಯಾಪಾರ ಕಳೆದುಕೊಳ್ಳುವ ಹೊತ್ತಿಗೆ, ಅದೇ ಲಟ್ಟಣಿಗೆಯನ್ನು ಆನ್‌ಲೈನಿನಲ್ಲಿ ನಾನು ನಾಲ್ಕು ತಿಂಗಳಿಂದ ಸುಳ್ಳು ಹೇಳಿ ಮಾರುತ್ತಿದ್ದೆ.

*

ಸುಳ್ಳು ಎಂದರೆ ದೊಡ್ಡ ಸುಳ್ಳೇನಲ್ಲ. ಸಾಹಿತ್ಯದ ರುಚಿ ಇದ್ದವರು ಹೇಳುವಂಥ ಸುಳ್ಳು. ಚಾಚಾ ಅವರ ಮೊಮ್ಮಗಳು ಫೋಟೊ ತೆಗೆದು, ಪುಟ ಮಾಡಿ, "ಸಾರ್, ನಾಲ್ಕು ಸಾಲು ಚೆನ್ನಾಗಿ ಬರೆದುಕೊಡಿ" ಎಂದಿದ್ದಳು. ನಾನು ಬರೆದೆ: ಯಂತ್ರದ ಸದ್ದಿಲ್ಲದ ಪುಟ್ಟ ಮನೆಯೊಂದರಲ್ಲಿ, ತಲೆಮಾರುಗಳಿಂದ ಬಂದ ಕೈಚಳಕದಲ್ಲಿ, ಒಂದೊಂದಾಗಿ ಅರಳಿದ ಲಟ್ಟಣಿಗೆ. ಜೊತೆಗೆ, ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಹಳೆಯ ಕೈಲೇತಿನ ಮುಂದೆ ಚಾಚಾ ಅವರನ್ನು ಕೂರಿಸಿ ಒಂದು ಫೋಟೊ ತೆಗೆಸಿದೆ. ಬೆಳಕು ಕಿಟಕಿಯಿಂದ ಅವರ ಗಡ್ಡದ ಮೇಲೆ ಬೀಳುವಂತೆ.

ಈ ಸಾಲಿನಲ್ಲಿ ಪೂರ್ತಿ ಸುಳ್ಳಾದ ಮಾತು ಹುಡುಕುವುದು ಸ್ವಲ್ಪ ಕಷ್ಟ. ಕರೆಂಟು ಹೋದಾಗ ಅದು ಯಂತ್ರದ ಸದ್ದಿಲ್ಲದ ಮನೆಯೇ. ತಲೆಮಾರು ಎಂದರೆ ಯಾರ ತಲೆಮಾರು ಎಂದು ನಾನು ಬರೆದಿರಲಿಲ್ಲ. ಚಾಚಾ ಅವರ ತಂದೆ ಜಟಕಾ ಹೊಡೆಯುತ್ತಿದ್ದವರು. ಚಾಚಾ ಹದಿನೈದನೇ ವಯಸ್ಸಿಗೆ ಬೇರೆಯವರ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾ ಈ ಕೆಲಸ ಕಲಿತವರು. ಆದರೆ ಊರಿಗೆ ಊರೇ ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಅದು, ಅಲ್ಲವೇ? ಒಂದೊಂದಾಗಿ ಅರಳಿದ್ದು ನಿಜ, ಲೇತಿಗೆ ಒಂದು ಸಲಕ್ಕೆ ಒಂದೇ ಮರ ಕಚ್ಚಿಸಲು ಸಾಧ್ಯ. ಬಿಡಿಬಿಡಿಯಾಗಿ ನೋಡಿದರೆ ಯಾವ ಪದವನ್ನೂ ಕೋರ್ಟಿನಲ್ಲಿ ಸುಳ್ಳೆಂದು ಸಾಬೀತು ಮಾಡಲಾಗದು. ಓದಿದವರ ತಲೆಯಲ್ಲಿ ಮೂಡುವ ಚಿತ್ರ ಮಾತ್ರ ಸುಳ್ಳು. ಮೂಡಲಿ ಎಂದೇ ಬರೆದದ್ದು.

ಮೇಳದಿಂದ ವಾಪಸ್ ಬರುವಾಗ ಮೊಮ್ಮಗಳು ಆ ಸಾಲನ್ನು ಅವರಿಗೆ ಓದಿ ಹೇಳಿದಳು. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಕರೆಂಟ್ ಬಿಲ್ಲು ತಿಂಗಳಾ ತಿಂಗಳಾ ಕಟ್ಟೋನು ನಾನು," ಎಂದರು. ನಕ್ಕರು. ನಾನೂ ನಕ್ಕೆ. ಆ ನಗು ಬಿಡದಿ ದಾಟುವವರೆಗೂ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

*

'ಕೈಯಿಂದ ಮಾಡಿದ್ದು' ಎಂದರೆ ಏನು? ಮೊದಲು ಆ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

ಚನ್ನಪಟ್ಟಣದ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಒಂದೆರಡು ಮಾತು. ಅಲ್ಲಿ ಹೆಚ್ಚಾಗಿ ಬಳಸುವುದು ಆಲೆ ಮರ. ಹಾಲೆ ಮರ ಎಂದೂ ಕರೆಯುತ್ತಾರೆ. ಬೆಳ್ಳನೆಯ, ನವುರಾದ, ಎಳೆ ಕಾಣದಷ್ಟು ನುಣುಪಾದ ಮರ. ಕಡಿದು ತಂದ ಕೊರಡನ್ನು ತಿಂಗಳುಗಟ್ಟಲೆ ಒಣಗಲು ಬಿಡಬೇಕು. ಅವಸರಪಟ್ಟರೆ ಆಮೇಲೆ ಸೀಳುತ್ತದೆ. ಒಣಗಿದ ತುಂಡನ್ನು ಲೇತಿಗೆ ಕಚ್ಚಿಸಿ, ತಿರುಗುತ್ತಿರುವ ಮರಕ್ಕೆ ಉಳಿ ಒಡ್ಡಿ ಆಕಾರ ತೆಗೆಯುತ್ತಾರೆ. ಆಕಾರ ಬಂದ ಮೇಲೆ ಉಪ್ಪುಕಾಗದ. ಆಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿ ಒತ್ತಿದರೆ ಹೊಳಪು. ಕುಂಚವಿಲ್ಲ, ಒಲೆಯಿಲ್ಲ. ಬಣ್ಣ, ಬೆಂಕಿ, ಒರೆಸುವ ಬಟ್ಟೆ ಎಲ್ಲವೂ ಆ ತಿರುಗಾಟವೇ.

ಹಿಂದೆ ಈ ತಿರುಗಾಟವನ್ನು ಕೊಡುತ್ತಿದ್ದುದು ಮನುಷ್ಯನ ತೋಳು. ಬಿಲ್ಲಿನಂಥ ಕೋಲಿಗೆ ಕಟ್ಟಿದ ಹಗ್ಗವನ್ನು ಮರಕ್ಕೆ ಸುತ್ತಿ, ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಉಳಿ ಹಿಡಿಯಬೇಕಿತ್ತು. ಈಗ ಬಹಳ ಕಡೆ ಮೋಟಾರು. ಹಾಗಾದರೆ ಕೈಲೇತು ಯಂತ್ರವಲ್ಲವೇ? ಅದೂ ಯಂತ್ರವೇ. ಚರಕವೂ ಯಂತ್ರವೇ. 1924ರಲ್ಲಿ ಗಾಂಧೀಜಿಯವರನ್ನು ನೀವು ಎಲ್ಲ ಯಂತ್ರಗಳನ್ನೂ ವಿರೋಧಿಸುತ್ತೀರಾ ಎಂದು ಕೇಳಿದಾಗ, ದೇಹವೇ ಒಂದು ನಾಜೂಕಾದ ಯಂತ್ರವಾಗಿರುವಾಗ ಅದು ಹೇಗೆ ಸಾಧ್ಯ ಎಂಬರ್ಥದ ಉತ್ತರ ಕೊಟ್ಟು, ಸಿಂಗರ್ ಹೊಲಿಗೆ ಯಂತ್ರವನ್ನು ತಮಗೆ ಒಪ್ಪಿಗೆಯಾದ ಅಪವಾದವಾಗಿ ಹೆಸರಿಸಿದ್ದರು. ಮನುಷ್ಯನ ಕೈಕಾಲು ಜಡವಾಗುವಂತೆ ಮಾಡುತ್ತದೆಯೇ, ಅವನನ್ನು ಕೆಲಸದಿಂದ ಹೊರಗಟ್ಟುತ್ತದೆಯೇ ಎಂಬುದು ಅವರ ಅಳತೆಗೋಲು. ಯಂತ್ರ ಇದೆಯೇ ಇಲ್ಲವೇ ಎಂಬುದಲ್ಲ. ನಮ್ಮವರೇ ಆದ ಹೆಗ್ಗೋಡಿನ ಪ್ರಸನ್ನ 'ಯಂತ್ರಗಳನ್ನು ಕಳಚೋಣ ಬನ್ನಿ' ಎಂದು ಬರೆದವರು. ಕೈಉತ್ಪನ್ನಗಳ ಮೇಲೆ ಜಿ.ಎಸ್.ಟಿ. ಬೇಡವೆಂದು 2017ರಲ್ಲಿ ಅವರು ಸತ್ಯಾಗ್ರಹಕ್ಕೆ ಇಳಿದಾಗ ಎದ್ದ ಮೊದಲ ಪ್ರಶ್ನೆಯೂ ಇದೇ ಆಗಿತ್ತು: ಕೈಉತ್ಪನ್ನ ಎಂದು ಯಾವುದನ್ನು ಕರೆಯುವುದು?

ಈ ಗೊಂದಲಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಡೇವಿಡ್ ಪೈ ಎಂಬ ಇಂಗ್ಲಿಷ್ ಬಡಗಿಯದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಾಧ್ಯಾಪಕ, ಜೊತೆಗೆ ಮರದ ಬಟ್ಟಲು ಕೊರೆಯುತ್ತಿದ್ದವನು. 1968ರ ತನ್ನ ಪುಸ್ತಕದಲ್ಲಿ ಆತ 'ಕೈಯಿಂದ ಮಾಡಿದ್ದು' ಎಂಬ ಮಾತಿಗೆ ನಿಖರವಾದ ಅರ್ಥವೇ ಇಲ್ಲ ಎನ್ನುತ್ತಾನೆ. ಅದರ ಬದಲು ಅವನು ಮಾಡುವ ವಿಂಗಡಣೆ ಬೇರೆ: ಅಪಾಯದ ಕಸುಬು ಮತ್ತು ಖಚಿತತೆಯ ಕಸುಬು. ಪೆನ್ನಿನಲ್ಲಿ ಬರೆಯುವುದು ಮೊದಲನೆಯದು, ಅಚ್ಚು ಹಾಕುವುದು ಎರಡನೆಯದು. ಬರೆಯುವಾಗ ಪ್ರತಿ ಅಕ್ಷರವೂ ಕೆಡಬಹುದು. ಅಚ್ಚು ಹಾಕುವಾಗ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ. ಕೆಲಸ ನಡೆಯುವ ಉದ್ದಕ್ಕೂ ವಸ್ತುವಿನ ಗುಣ ಮಾಡುವವನ ಎಚ್ಚರ, ತೀರ್ಮಾನ, ಕೈಯ ಹಿಡಿತದ ಮೇಲೆ ನಿಂತಿದ್ದರೆ ಅದು ಅಪಾಯದ ಕಸುಬು. ಅಲ್ಲಿ ಕರೆಂಟು ಇದೆಯೇ ಎಂಬುದು ಗೌಣ.

ಚಾಚಾ ಅವರ ಲೇತಿನ ಮುಂದೆ ಕೂತರೆ ಪೈ ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಮೋಟಾರು ಇರುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ, ಬೇಗ ಬರುತ್ತದೆ. ಉಳಿಯ ಕೋನ ಕೂದಲೆಳೆ ತಪ್ಪಿದರೆ ಮರ ಕಚ್ಚಿಕೊಂಡು ಸಿಡಿಯುತ್ತದೆ. ಅವರ ಎಡಗೈ ತೋರುಬೆರಳಿನ ತುದಿ ಹಾಗೇ ಹೋದದ್ದು. ಲಟ್ಟಣಿಗೆಯ ನಡುವೆ ಸ್ವಲ್ಪ ಉಬ್ಬು, ತುದಿಗಳ ಕಡೆಗೆ ಇಳಿಜಾರು. ಆ ಉಬ್ಬು ಎಷ್ಟಿರಬೇಕೆಂದು ಎಲ್ಲೂ ಬರೆದಿಲ್ಲ. "ಚಪಾತಿಗೆ ಒಂದು ಥರ, ಅಕ್ಕಿ ಹಿಟ್ಟಿಗೆ ಇನ್ನೊಂದು ಥರ," ಎನ್ನುತ್ತಾ ಬೆರಳು ಆಡಿಸಿ ನೋಡುತ್ತಾರೆ.

ಹಾಗಿದ್ದರೆ ಮೇಳಕ್ಕೆ ಬಂದ ಆ ಹೆಂಗಸು ಕೇಳಿದ ಪ್ರಶ್ನೆ ತಪ್ಪಿತ್ತು, ಅವರ ಆಸೆ ತಪ್ಪಿರಲಿಲ್ಲ. ಒಬ್ಬ ಮನುಷ್ಯನ ಎಚ್ಚರ ತುಂಬಿದ ವಸ್ತು ಅವರಿಗೆ ಬೇಕಿತ್ತು. ಅದು ಅವರ ಕೈಯಲ್ಲೇ ಇತ್ತು. ಅದನ್ನು ಗುರುತಿಸಲು ಅವರ ಹತ್ತಿರ ಇದ್ದ ಒಂದೇ ಪದ 'ಕೈಯಿಂದ ಮಾಡಿದ್ದು'. ಆ ಪದವೇ ಅವರಿಗೆ ಮೋಸ ಮಾಡಿತು.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಒಂದು ಒಳದಾರಿ ಹುಡುಕಿತು. ನೋಡು, ನಿನ್ನ ಸುಳ್ಳು ಅವರನ್ನು ನಿಜದ ಹತ್ತಿರಕ್ಕೇ ತಂದಿತಲ್ಲ? ತಪ್ಪು ಪದ ಬಳಸಿ ಸರಿಯಾದ ವಸ್ತು ಕೊಟ್ಟೆಯಲ್ಲ? ಕೇಳಲು ಹಿತವಾಗಿದೆ. ಆದರೆ ಪೈ ಹೇಳಿದ್ದನ್ನು ನಾನು ಎರಡು ಸಾಲಿನಲ್ಲಿ ಬರೆಯಬಹುದಿತ್ತು. 'ಮೋಟಾರ್ ಲೇತಿನಲ್ಲಿ ತಿರುಗಿದ್ದು. ಆಕಾರ ತೆಗೆದದ್ದು ಕೈ' ಎಂದು ಬರೆಯಲು ಜಾಗವಿತ್ತು, ಭಾಷೆಯಿತ್ತು. ನಿಜ ಹೇಳಿಯೇ ಒಪ್ಪಿಸಬಹುದಾದ ಕಡೆ ಸುಳ್ಳು ಹೇಳುವುದು ಸೋಮಾರಿತನ. ಓದುಗರಿಗೆ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿಯಿಲ್ಲ ಎಂಬ ತೀರ್ಮಾನವೂ ಅದರಲ್ಲಿದೆ.

*

ಈ ಪದದ ಜಗಳ ನಮ್ಮ ಮೇಳಗಳದ್ದು ಮಾತ್ರವಲ್ಲ. ಕೈಕೆಲಸದ ವಸ್ತುಗಳ ಮಾರಾಟಕ್ಕೆಂದೇ 2005ರಲ್ಲಿ ಅಮೆರಿಕದಲ್ಲಿ ಶುರುವಾದ ಎಟ್ಸಿ ಎಂಬ ಜಾಲತಾಣ, 2013ರಲ್ಲಿ ತನ್ನ ನಿಯಮ ಬದಲಿಸಿ, ಮಾರುವವರು ಹೊರಗಿನ ತಯಾರಕರ ನೆರವು ಪಡೆಯಬಹುದು ಎಂದಿತು. ಬಹಳ ಕುಶಲಕರ್ಮಿಗಳು ಇದು ದ್ರೋಹ ಎಂದರು. 2024ರಲ್ಲಿ ಅದು ವಸ್ತುಗಳಿಗೆ ಬೇರೆಬೇರೆ ಹಣೆಪಟ್ಟಿ ತಂದಿತು: ಮಾರುವವರೇ ಮಾಡಿದ್ದು, ವಿನ್ಯಾಸ ಮಾಡಿದ್ದು, ಆರಿಸಿ ತಂದದ್ದು, ಸಾಮಗ್ರಿಯಾಗಿ ಒದಗಿಸಿದ್ದು. ಒಂದು ಪದ ಹೊರಲಾರದ ಭಾರವನ್ನು ನಾಲ್ಕು ಪದಗಳಿಗೆ ಹಂಚಿದಂತೆ. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಊರಿನ ಹೆಸರನ್ನು ಬೇರೆಯವರು ಕದಿಯದಂತೆ ಅದು ಕಾಯಬಹುದು. ಆದರೆ ಊರಿನವರೇ, ಊರಿನ ಪರವಾಗಿ ನನ್ನಂಥವರೇ, ಹೇಳುವ ಕತೆಯನ್ನು ಯಾವ ಕಾಯ್ದೆಯೂ ಅಳೆಯದು.

ಕತೆಗೆ ಯಾಕೆ ಇಷ್ಟು ಬೆಲೆ? 1899ರಲ್ಲಿ ಥಾರ್ಸ್ಟೀನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞ ವಿರಾಮ ವರ್ಗದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಚಮಚದ ಉದಾಹರಣೆ ಕೊಡುತ್ತಾನೆ. ಕೈಯಲ್ಲಿ ಬಡಿದು ಮಾಡಿದ ಬೆಳ್ಳಿ ಚಮಚಕ್ಕೆ ಹತ್ತಿಪ್ಪತ್ತು ಡಾಲರ್, ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟು. ಬಾಯಿಗೆ ಊಟ ತಲುಪಿಸುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮೊದಲನೆಯದನ್ನು ನಾವು ಸುಂದರ ಎನ್ನುವುದರಲ್ಲಿ ಅದರ ದುಬಾರಿತನಕ್ಕೆ ದೊಡ್ಡ ಪಾಲಿದೆ ಎಂಬುದು ಅವನ ಕಟಕಿ. ವೆಬ್ಲೆನ್ ಹೇಳಿದ್ದು ಪೂರ್ತಿ ನಿಜವಲ್ಲ; ಪ್ಲಾಸ್ಟಿಕ್ಕಿನ ಲಟ್ಟಣಿಗೆ ಹಿಡಿದವರಿಗೂ ಮರದ್ದು ಹಿಡಿದವರಿಗೂ ಅಂಗೈಯೇ ವ್ಯತ್ಯಾಸ ಹೇಳುತ್ತದೆ. ಆದರೂ ಅವನ ಮಾತನ್ನು ಇವತ್ತಿಗೆ ಸ್ವಲ್ಪ ತಿದ್ದಿ ಹೇಳಿದರೆ ಅದು ಚುಚ್ಚುತ್ತದೆ. ನಾವೀಗ ದುಬಾರಿತನದ ಜೊತೆಗೆ ಇನ್ನೊಬ್ಬರ ಕಷ್ಟವನ್ನೂ ಅಲಂಕಾರವಾಗಿ ಕೊಳ್ಳುತ್ತೇವೆ. 'ನಶಿಸುತ್ತಿರುವ ಕಲೆ', 'ಕೊನೆಯ ಕುಶಲಕರ್ಮಿ', 'ನಿಮ್ಮ ಒಂದು ಖರೀದಿ ಒಂದು ಕುಟುಂಬಕ್ಕೆ ಅನ್ನ'. ಇಂಥ ಸಾಲುಗಳು ಚೆನ್ನಾಗಿ ಮಾರುತ್ತವೆ. ಗಡ್ಡದ ಮೇಲೆ ಬಿದ್ದ ಬೆಳಕೂ ಇದೇ ಜಾತಿಯದು.

ಇಲ್ಲಿ ಪ್ರಶ್ನೆ ಸುಳ್ಳಿನದಲ್ಲ. ಚಾಚಾ ಅವರ ಕಷ್ಟ ನಿಜವೇ ಇರಬಹುದು. ನಿಜವಾದ ಕಷ್ಟವನ್ನು, ಅವರ ಒಪ್ಪಿಗೆ ಪಡೆದೇ, ಲಟ್ಟಣಿಗೆಯ ಜೊತೆ ಮಾರುವುದು ಸರಿಯೇ? ನಾನು ಒಮ್ಮೆ ಬೆರಳಿನ ಸಂಗತಿಯನ್ನು ಪುಟದಲ್ಲಿ ಬರೆಯಲೇ ಎಂದು ಕೇಳಿದ್ದೆ. ಅವರು ತಲೆಯಾಡಿಸಿದರು. "ಬೆರಳು ಹೋಗಿದ್ದು ನನ್ನ ತಪ್ಪಿಂದ ಮೇಷ್ಟ್ರೇ. ಅದನ್ನ ಯಾಕೆ ಅವರಿಗೆ ಮಾರ್ತೀರಾ? ಮರ ಮಾರಿ." ಲಟ್ಟಣಿಗೆ ಚೆನ್ನಾಗಿದ್ದರೆ ಕೊಳ್ಳಲಿ, ಇಲ್ಲದಿದ್ದರೆ ಬಿಡಲಿ, ನನ್ನ ಮೇಲೆ ಮರುಕ ಹುಟ್ಟಿ ಕೊಂಡರೆ ನನ್ನ ಕೆಲಸಕ್ಕೆ ಏನು ಬೆಲೆ ಬಂದಂತಾಯಿತು? ಅವರು ಇಷ್ಟುದ್ದ ಹೇಳಲಿಲ್ಲ. ಆದರೆ ಅರ್ಥ ಇದೇ. ಮರುಕ ಹಣ ತರುತ್ತದೆ, ಮರ್ಯಾದೆ ತರುವುದಿಲ್ಲ. ಒಳ್ಳೆಯ ಕೆಲಸಗಾರನಿಗೆ ಎರಡೂ ಬೇಕು.

ಹಿಂದಿನ ಕಾಲದಲ್ಲಿ ಇಂಥ ಕತೆಗಳ ಅಗತ್ಯ ಇರಲಿಲ್ಲ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ನಮ್ಮ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಬಡಗಿಗೆ ನೇಗಿಲಿಗಿಷ್ಟು, ಒನಕೆಗಿಷ್ಟು ಎಂಬ ಬೆಲೆಪಟ್ಟಿ ಇರಲಿಲ್ಲ. ವರ್ಷವಿಡೀ ಮಾಡಿಕೊಟ್ಟು, ರಿಪೇರಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯದ ಪಾಲು ತರುತ್ತಿದ್ದ. ಕೊಳ್ಳುವವನಿಗೆ ಮಾಡುವವನ ಮುಖ, ಮನೆ, ಮಕ್ಕಳು ಎಲ್ಲ ಗೊತ್ತು. ಮರಿಗೆಯಲ್ಲಿ ಬಿರುಕು ಬಂದರೆ ಯಾರ ಮನೆ ಬಾಗಿಲಿಗೆ ಒಯ್ಯಬೇಕೆಂದು ಗೊತ್ತು. ಆದರೆ ಆ ಗೊತ್ತಿನೊಳಗೆ ಇನ್ನೊಂದೂ ಇತ್ತು: ಬಡಗಿಯ ಮಗ ಬಡಗಿಯೇ ಆಗಬೇಕು, ಕಣದ ಯಾವ ಮೂಲೆಯಲ್ಲಿ ನಿಲ್ಲಬೇಕೆಂಬುದೂ ತೀರ್ಮಾನವಾಗಿರಬೇಕು. ಜಾತಿ ಎಂಬುದು ಕೆಲಸದ ವಿಂಗಡಣೆಯಷ್ಟೇ ಅಲ್ಲ, ಕೆಲಸಗಾರರ ವಿಂಗಡಣೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟಿದ್ದಾರೆ. ಜಟಕಾ ಹೊಡೆಯುವವರ ಮಗ ಲೇತಿನ ಮುಂದೆ ಕೂರಲು ಸಾಧ್ಯವಾದದ್ದು ಕಾರ್ಖಾನೆ ಬಂದ ಮೇಲೆ, ಪೇಟೆ ಬಂದ ಮೇಲೆ. ನಾನು ಬರೆದ 'ತಲೆಮಾರುಗಳಿಂದ ಬಂದ ಕೈಚಳಕ' ಎಂಬ ಸಾಲು ಚಾಚಾ ಅವರ ಬದುಕಿನ ದೊಡ್ಡ ಸಾಧನೆಯನ್ನೇ ಅಳಿಸಿಹಾಕಿತ್ತು. ಅವರು ಹುಟ್ಟಿನಿಂದ ಪಡೆಯದೆ ಕಲಿತು ಪಡೆದದ್ದನ್ನು ನಾನು ಹುಟ್ಟಿಗೆ ಕಟ್ಟಿಹಾಕಿದ್ದೆ. ಪರಂಪರೆ ಎಂಬ ಪದ ಕಿವಿಗೆ ಇಂಪಾಗಿದೆ ಎಂಬ ಒಂದೇ ಕಾರಣಕ್ಕೆ.

*

ಇನ್ನು ಬೆಲೆಯ ಮಾತು. ಮೇಳದಲ್ಲಿ 300 ರೂಪಾಯಿಯ ಲಟ್ಟಣಿಗೆಗೆ ಆನ್‌ಲೈನಿನಲ್ಲಿ 450 ಇಟ್ಟಿದ್ದೆವು. ನೋಟ್‌ಬುಕ್ಕಿನ ಲೆಕ್ಕ ಹೀಗಿದೆ: ಜಾಲತಾಣದ ಕಮಿಷನ್ ಮತ್ತು ಶುಲ್ಕ 72, ಕೊರಿಯರ್ 85, ಡಬ್ಬ ಮತ್ತು ಕಾಗದ 23, ಮರ, ಅರಗು, ಕರೆಂಟು ಸೇರಿ 60. ಚಾಚಾ ಅವರಿಗೆ ಉಳಿಯುವುದು 210. ಫೋಟೊದಲ್ಲಿ ಕಂಡ ಹಳದಿಯೇ ಬೇರೆ, ಬಂದ ಹಳದಿಯೇ ಬೇರೆ ಎಂದು ಒಂದು ವಾಪಸ್ ಬಂದರೆ ಇನ್ನೊಂದರ ಲಾಭವೂ ಅದರ ಜೊತೆ ಹೋಯಿತು. ಸಗಟು ವ್ಯಾಪಾರಿಗೆ ಕೊಟ್ಟಾಗ ಸಿಗುತ್ತಿದ್ದುದಕ್ಕಿಂತ ಇದು ಮೇಲು. ಅದಕ್ಕೇ ಈ ಸಾಹಸ.

ನ್ಯಾಯವಾದ ಬೆಲೆ ಯಾವುದು ಎಂಬ ಪ್ರಶ್ನೆ ಬಂದಾಗ ಕನ್ನಡದವರಿಗೆ ತಕ್ಷಣ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಸಲ್ಲದ್ದು, ಇದ್ದಲ್ಲಿಗೇ ಸುರಿದು ಬಾ ಎಂದು ಅವಳು ವಾಪಸ್ ಕಳಿಸುತ್ತಾಳೆ. ಹನ್ನೆರಡನೆಯ ಶತಮಾನದ ಈ ಕತೆಯನ್ನು ಕರಕುಶಲ ಮೇಳದ ವೇದಿಕೆಗಳಲ್ಲಿ ಭಾಷಣಕಾರರು ಆಗಾಗ ಹೇಳುತ್ತಾರೆ. ಕೇಳುವಾಗಲೆಲ್ಲ ನನಗೆ ಇರುಸುಮುರುಸು. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಮನೆಯ ಮಡಕೆಗೆ. ಪಕ್ಕದ ಮನೆಯವರಿಗೆ, ನಿಮಗೆ ಇಷ್ಟು ಅಕ್ಕಿ ಸಾಕು ಎಂದು ಅವಳು ಹೇಳಲಿಲ್ಲ. ಕಾರಿನಲ್ಲಿ ಬಂದು, ನೂರು ರೂಪಾಯಿ ಕಾಫಿ ಕುಡಿದು, 300ರ ಲಟ್ಟಣಿಗೆಯನ್ನು 200ಕ್ಕೆ ಕೊಡಿ ಎಂದು ಚೌಕಾಸಿ ಮಾಡುವವರು ಲಕ್ಕಮ್ಮನ ಹೆಸರು ಹೇಳಿ ಕುಶಲಕರ್ಮಿಗೆ ಸರಳ ಬದುಕು ಬೋಧಿಸಬಾರದು. ಅವಳ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮ ಉಡಿಗೇ ಕೇಳಿಕೊಳ್ಳಬೇಕು: ಇಲ್ಲಿ ನನಗೆ ಸಲ್ಲದ್ದು ಏನಾದರೂ ಬಂದಿದೆಯೇ?

ನಾನೂ ಕೇಳಿಕೊಂಡೆ. ಹಣದ ಲೆಕ್ಕದಲ್ಲಿ ನನ್ನ ಉಡಿ ಖಾಲಿ. ಈ ಕೆಲಸಕ್ಕೆ ನಾನು ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಹಾಗೆಂದು ಬಹಳ ದಿನ ಒಳಗೊಳಗೇ ಬೀಗುತ್ತಿದ್ದೆ. ಆದರೆ ಆ ಪುಟದ ಕೆಳಗೆ ಜನ ಬರೆಯುತ್ತಿದ್ದುದು ಲಟ್ಟಣಿಗೆಯ ಬಗ್ಗೆಯಲ್ಲ. ಎಷ್ಟು ಚಂದದ ಭಾಷೆ, ಯಾರು ಬರೆದದ್ದು, ಓದಿ ಕಣ್ಣು ತುಂಬಿತು. ಮೊಮ್ಮಗಳು ಅವನ್ನೆಲ್ಲ ನನಗೆ ಕಳಿಸುತ್ತಿದ್ದಳು. ನಾನು ಒಂದೊಂದನ್ನೂ ಎರಡೆರಡು ಸಲ ಓದುತ್ತಿದ್ದೆ. ಚಾಚಾ ಅವರ ಅಂಗಳದಿಂದ ನಾನು ಆಯ್ದು ತಂದ ಹೆಚ್ಚಿನ ಅಕ್ಕಿ ಅದು.

*

ಸಾಲನ್ನು ಬದಲಿಸಬೇಕು ಎಂದು ತೀರ್ಮಾನಿಸಿದೆ. ಹಳೆಯ ಸಾಲು ಓದಿ ಕೊಂಡವರು 64 ಜನ. ಅವರಲ್ಲಿ 41 ಜನರ ಫೋನ್ ನಂಬರು ನಮ್ಮ ಬಳಿ ಇತ್ತು. ಅವರಿಗೆಲ್ಲ ಒಂದು ಸಂದೇಶ ಬರೆದೆ: ಲಟ್ಟಣಿಗೆ ಮೋಟಾರ್ ಲೇತಿನಲ್ಲಿ ತಿರುಗಿದ್ದು, ಫೋಟೊದಲ್ಲಿರುವ ಕೈಲೇತು ಈಗ ಬಳಕೆಯಲ್ಲಿಲ್ಲ, ಬೇಡವಾದರೆ ವಾಪಸ್ ಕಳಿಸಿ, ಹಣ ಕೊಡುತ್ತೇವೆ. ಇಬ್ಬರು ವಾಪಸ್ ಕಳಿಸಿದರು. ಒಬ್ಬರು ಸಿಟ್ಟಿನಿಂದ ಬರೆದರು; ಆ ಸಿಟ್ಟು ನ್ಯಾಯವಾದದ್ದು. ಇನ್ನೊಬ್ಬರು, ಮೋಟಾರಿದ್ದರೆ ಅವರ ತೋಳಿಗೆ ಸ್ವಲ್ಪ ಆರಾಮ ಅಲ್ಲವೇ, ಇರಲಿ ಬಿಡಿ ಎಂದರು. ಉಳಿದವರು ಏನೂ ಹೇಳಲಿಲ್ಲ. ಅವರ ಮೌನವನ್ನು ನನ್ನ ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಳ್ಳುವುದು ಬೇಡವೆಂದು ಸುಮ್ಮನಿದ್ದೇನೆ.

ಹಳೆಯ ಸಾಲಿನಲ್ಲಿ ನಾಲ್ಕು ತಿಂಗಳಿಗೆ 64 ಹೋಗಿದ್ದವು. ಹೊಸ ಸಾಲಿನಲ್ಲಿ ಮುಂದಿನ ನಾಲ್ಕು ತಿಂಗಳಿಗೆ 19.

ಇದನ್ನು ನೋಡಿ ಮೊಮ್ಮಗಳು ಹೇಳಿದ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ. "ಸಾರ್, ನಿಜ ಹೇಳಿದ್ದರಿಂದ ನಿಮಗೆ ನಿದ್ದೆ ಬಂತು. ಕಮ್ಮಿಯಾದ ದುಡ್ಡು ದಾದಾದು." ನೀತಿಶಾಸ್ತ್ರದ ಪುಸ್ತಕಗಳಲ್ಲಿ ಸುಳ್ಳು ಹೇಳುವವನೂ ನಿಜ ಹೇಳುವವನೂ ಅದರ ಬೆಲೆ ತೆರುವವನೂ ಸಾಮಾನ್ಯವಾಗಿ ಒಬ್ಬನೇ. ಇಲ್ಲಿ ಹಾಗಲ್ಲ. ಸುಳ್ಳು ನನ್ನದು, ಪಶ್ಚಾತ್ತಾಪ ನನ್ನದು, ಪ್ರಾಯಶ್ಚಿತ್ತದ ಖರ್ಚು ಇನ್ನೊಬ್ಬರದು. ಸುತ್ತಲಿನ ಎಲ್ಲ ಮಳಿಗೆಗಳೂ 'ನೂರಕ್ಕೆ ನೂರು' ಎಂದು ಬೋರ್ಡು ಹಾಕಿರುವಾಗ, ಸತ್ಯದ ಸುಂಕವನ್ನು ಒಬ್ಬ ಬಡ ಕೆಲಸಗಾರ ಮಾತ್ರ ಯಾಕೆ ಕಟ್ಟಬೇಕು? ಸಂದೇಶ ಕಳಿಸುವ ಮುಂಚೆ ನಾನು ಚಾಚಾ ಅವರನ್ನು ಕೇಳಿರಲಿಲ್ಲ. ಸುಳ್ಳು ಬರೆಯುವಾಗಲೂ ಕೇಳಿರಲಿಲ್ಲ, ನಿಜ ಬರೆಯುವಾಗಲೂ ಕೇಳಲಿಲ್ಲ. ಎರಡು ಸಲವೂ ಅವರ ಲಟ್ಟಣಿಗೆ ನನ್ನ ಆತ್ಮಚರಿತ್ರೆಗೆ ಸಾಮಗ್ರಿಯಾಯಿತು.

ಇದನ್ನು ಅವರ ಮುಂದೆ ಒಪ್ಪಿಕೊಂಡೆ. ಚಾಚಾ ನನ್ನನ್ನು ಸಮಾಧಾನ ಮಾಡಲಿಲ್ಲ. "ಕೇಳಬೇಕಿತ್ತು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೇಳಿದ್ರೂ ನಿಜಾನೇ ಬರೀರಿ ಅಂತಿದ್ದೆ. ಆದ್ರೆ ಕೇಳಬೇಕಿತ್ತು." ನನಗೆ ಈ ಎರಡು ವಾಕ್ಯಗಳ ನಡುವೆ ಇರುವ ವ್ಯತ್ಯಾಸ ಬಹಳ ದೊಡ್ಡದಾಗಿ ಕಾಣುತ್ತದೆ. ಒಬ್ಬನ ಪರವಾಗಿ ಸರಿಯಾದದ್ದನ್ನೇ ಮಾಡಿದರೂ, ಅವನನ್ನು ಬಿಟ್ಟು ಮಾಡಿದರೆ ಅದರಲ್ಲಿ ಒಂದು ತಪ್ಪು ಉಳಿಯುತ್ತದೆ.

ಕೊಳ್ಳುವವರ ಕಡೆಯೂ ಒಂದು ಪಾಲಿದೆ ಎಂದು ಈಗ ನನಗನ್ನಿಸುತ್ತದೆ. ನಿಜ ಹೇಳಿದವನನ್ನು ಬಿಟ್ಟು ಬೋರ್ಡು ಹಾಕಿದವನ ಬಳಿ ಹೋಗುವ ಪೇಟೆಯಲ್ಲಿ ಬೋರ್ಡುಗಳೇ ಹೆಚ್ಚುತ್ತವೆ. ಮೇಳಕ್ಕೆ ಹೋದಾಗ 'ಮೆಷಿನ್ ಇದೆಯಾ' ಎಂಬ ಪ್ರಶ್ನೆಯ ಬದಲು ಬೇರೆ ಪ್ರಶ್ನೆಗಳನ್ನು ಕೇಳಬಹುದು. ಯಾವ ಮರ? ಎಷ್ಟು ದಿನ ಒಣಗಿಸಿದಿರಿ? ಹಿಟ್ಟು ತಾಗುವ ಕಡೆ ಏನು ಹಚ್ಚಿದ್ದೀರಿ? ಬಿರುಕು ಬಿಟ್ಟರೆ ಏನು ಮಾಡಲಿ? ಇವಕ್ಕೆ ಕತೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಾಡಿದವನಿಗೆ ಮಾತ್ರ ಉತ್ತರ ಗೊತ್ತಿರುತ್ತದೆ, ಮತ್ತು ಉತ್ತರಿಸುವಾಗ ಅವನ ಮುಖದಲ್ಲಿ ಮರುಕ ಬೇಡುವ ಭಾವ ಇರುವುದಿಲ್ಲ.

ಈಗ ಪುಟದಲ್ಲಿರುವುದು ಚಾಚಾ ಹೇಳಿ ಬರೆಸಿದ್ದು. ನಾನು ಕಾಗುಣಿತ ಮಾತ್ರ ನೋಡಿದ್ದೇನೆ. ಹಳೆಯ ಫೋಟೊ ತೆಗೆದಿದ್ದೇವೆ. ಹೊಸದರಲ್ಲಿ ಲಟ್ಟಣಿಗೆ ಮಾತ್ರ ಇದೆ, ಪಕ್ಕದಲ್ಲಿ ಅಳತೆಗೆಂದು ಒಂದು ಬೆಂಕಿಪೊಟ್ಟಣ.

"ಆಲೆ ಮರ. ಮೋಟಾರ್ ಲೇತಲ್ಲಿ ತಿರುಗಿಸಿದ್ದು. ಹಿಡಿಗಳಿಗೆ ಅರಗು ಹಾಕಿದೆ, ನಡುವೆ ಹಾಕಿಲ್ಲ, ಅಲ್ಲಿ ಬರೀ ಮರ. ಅರಗು ಬಿಸಿಗೆ ಕರಗುತ್ತೆ, ಒಲೆ ಪಕ್ಕ ಇಡಬೇಡಿ. ನೀರಲ್ಲಿ ನೆನೆ ಹಾಕಬೇಡಿ, ಒದ್ದೆ ಬಟ್ಟೆಲಿ ಒರೆಸಿ ಒಣಗಿಸಿ. ಎರಡು ಒಂದೇ ಥರ ಇರಲ್ಲ. ಸೀಳಿದರೆ ಫೋನ್ ಮಾಡಿ."